ಇಪ್ಪತ್ತಮೂರನೇ ಕ್ಲಿಪ್ಪು: ಒಂದು ದೇವಶಾಸ್ತ್ರ ಕಾಲೇಜಿನ ಲೆಂಟ್ ಕಾಲದ ಪ್ರಕರಣ ಅಧ್ಯಯನ

2025ರ ಮಾರ್ಚ್ 27, ಗುರುವಾರ. ಬೆಳಗಿನ ಪ್ರಾರ್ಥನೆ ಮುಗಿಸಿ ಚಾಪೆಲ್‌ನಿಂದ ಹೊರಗೆ ಬಂದವರು ಕಾರಿಡಾರಿನ ಗೋಡೆಯ ಮುಂದೆ ನಿಂತುಬಿಟ್ಟರು. ಗೋಡೆಯ ಮೇಲೆ ಸಾಲಾಗಿ 46 ಕ್ಲಿಪ್ಪುಗಳಿದ್ದವು. ಮೊದಲ 22ರಲ್ಲಿ ಒಂದೊಂದು ಹಾಳೆ. 23ನೆಯದು ಖಾಲಿ. ಹಿಂದಿನ ರಾತ್ರಿ ಅಲ್ಲಿ ಹಾಳೆ ಸಿಕ್ಕಿಸಿದ್ದು ನಾನೇ. ತೆಗೆದವರು ಯಾರು ಎಂದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಯಾಕೆ ತೆಗೆದರು ಎಂದು ಅರ್ಥವಾಗಲು ನನಗೆ ಇನ್ನೂ ಮೂರು ದಿನ ಹಿಡಿಯಿತು.

ನಮ್ಮದು ಸ್ನಾತಕೋತ್ತರ ದೇವಶಾಸ್ತ್ರ ಕಾಲೇಜು. ನಾನು ಇಲ್ಲಿ ಬೈಬಲಿನ ಹಳೆ ಒಡಂಬಡಿಕೆ ಕಲಿಸುತ್ತೇನೆ. ಈ ಬರಹದಲ್ಲಿ ಕಾಲೇಜಿನ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಆ ಹಾಳೆಯ ವಿದ್ಯಾರ್ಥಿನಿ ಇದನ್ನು ಓದಿ, ಎರಡು ಕಡೆ ತಿದ್ದಿ, ಒಪ್ಪಿಗೆ ಕೊಟ್ಟಿದ್ದಾರೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನಲ್ಲಿ ಎಲ್ಲರೂ ಸೇರಿ ಏನಾದರೂ ಸೃಜನಶೀಲವಾದದ್ದು ಮಾಡೋಣ ಎಂದು ಹೊರಡುವ ಕಾಲೇಜುಗಳು, ಸಭೆಗಳು ತುಂಬ ಇವೆ. ನಾವು ಎಲ್ಲಿ ಎಡವಿದೆವು ಎಂದು ಅವರಿಗೆ ತಿಳಿದರೆ ಒಳ್ಳೆಯದು ಅನ್ನಿಸಿ ಬರೆಯುತ್ತಿದ್ದೇನೆ.

ಯೋಜನೆ

ಇದು ಶುರುವಾದದ್ದು ವಿದ್ಯಾರ್ಥಿಗಳ ಒಂದು ಮಾತಿನಿಂದ. ಜನವರಿಯಲ್ಲಿ ಕೆಲವರು ಕಾಲೇಜಿನ ಚಾಪ್ಲಿನ್ (ಪಾದ್ರಿ) ಹತ್ತಿರ ಹೋಗಿ, "ವರ್ಷವಿಡೀ ದೇವರ ಬಗ್ಗೆ ಬರೀತೀವಿ, ಎಲ್ಲಾ ಅಂಕಕ್ಕೇ. ಒಂದು ಸಲ ದೇವರಿಗೇ ಅಂತ ಏನಾದರೂ ಮಾಡೋಕೆ ಜಾಗ ಬೇಕು" ಎಂದರು. ದೇವಶಾಸ್ತ್ರ ಓದಿದವರಿಗೆ ಈ ಮಾತಿನ ನೋವು ಗೊತ್ತಿರುತ್ತದೆ. ಪ್ರಾರ್ಥನೆಯ ಬಗ್ಗೆ ಇಪ್ಪತ್ತು ಪುಟ ಬರೆದು, ಆ ವಾರ ಒಂದು ಸಲವೂ ಪ್ರಾರ್ಥನೆಗೆ ಕೂರದೆ ಇರುವುದು ಇಲ್ಲಿ ಅಪರೂಪವೇನಲ್ಲ.

ಹಾಗಾಗಿ ಒಂದು ಗೋಡೆ ಗೊತ್ತು ಮಾಡಿದೆವು. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ದಿನಕ್ಕೊಬ್ಬರ ಸರದಿ. ಪ್ರತಿ ದಿನಕ್ಕೂ ಬೈಬಲಿನ ಒಂದು ಕೀರ್ತನೆ, ಬಹುಪಾಲು ಗೋಳಿನ ಕೀರ್ತನೆಗಳು. ಅದನ್ನು ಓದಿ ಕವಿತೆ, ಚಿತ್ರ, ಪ್ರಾರ್ಥನೆ, ಸ್ವರಲಿಪಿ, ಏನು ಬೇಕಾದರೂ ಮಾಡಬಹುದು. ಒಂದು ಎ4 ಹಾಳೆಯಲ್ಲಿ ಹಿಡಿಸಬೇಕು. ಕೆಳಗೆ ಹೆಸರು ಮತ್ತು ಕೋರ್ಸು. ನೋಡಿಕೊಳ್ಳಲು ಮೂವರ ಸಮಿತಿ: ಚಾಪ್ಲಿನ್, ಚರ್ಚ್ ಸಂಗೀತದ ಮೇಲೆ ಸಂಶೋಧನೆ ಮಾಡುತ್ತಿರುವ ಒಬ್ಬ ವಿದ್ಯಾರ್ಥಿ, ಮತ್ತು ನಾನು.

ಮೊದಲ ಸಭೆಯಲ್ಲಿ ಚಾಪ್ಲಿನ್ ಉಪವಾಸದ ಬಟ್ಟೆಯ ಕಥೆ ಹೇಳಿದರು. ಮಧ್ಯಯುಗದ ಯುರೋಪಿನಲ್ಲಿ ಲೆಂಟ್ ಬಂದರೆ ಬಲಿಪೀಠದ ಮುಂದೆ ದೊಡ್ಡ ಬಟ್ಟೆ ಇಳಿಬಿಡುತ್ತಿದ್ದರು. ಹೊಟ್ಟೆಗೆ ಉಪವಾಸ ಇದ್ದ ಹಾಗೆ ಕಣ್ಣಿಗೂ ಉಪವಾಸ. ಕಾಲ ಹೋದಂತೆ ಆ ಬಟ್ಟೆಯ ಮೇಲೇ ಬೈಬಲಿನ ಕಥೆಗಳನ್ನು ಚಿತ್ರಿಸತೊಡಗಿದರು. ಆಸ್ಟ್ರಿಯಾದ ಗುರ್ಕ್ ಎಂಬ ಊರಿನ ಕ್ಯಾಥೆಡ್ರಲ್‌ನಲ್ಲಿ 1458ರ ಬಟ್ಟೆಯೊಂದಿದೆ, ಅದರಲ್ಲಿ 99 ಚಿತ್ರಗಳಿವೆ. ಜರ್ಮನಿಯ ಝಿಟೌ ಊರಿನ 1472ರ ಬಟ್ಟೆ ಎಂಟು ಮೀಟರಿಗಿಂತ ಎತ್ತರ, ಅದರಲ್ಲಿ 90 ಚಿತ್ರ. ಜರ್ಮನಿಯ ಕ್ಯಾಥೊಲಿಕ್ ನೆರವು ಸಂಸ್ಥೆ ಮಿಸೆರಿಯೋರ್ 1976ರಲ್ಲಿ ಈ ಪದ್ಧತಿಗೆ ಮತ್ತೆ ಜೀವ ಕೊಟ್ಟಿತು. ಆಗ ಮೊದಲ ಬಟ್ಟೆ ಚಿತ್ರಿಸಿದವರು ಭಾರತದ ಕಲಾವಿದ ಜ್ಯೋತಿ ಸಾಹಿ. "ನಮ್ಮ ಗೋಡೆಯೂ ಅಂಥದ್ದೇ ಒಂದು ಬಟ್ಟೆ ಆಗಲಿ" ಎಂದರು ಚಾಪ್ಲಿನ್. ನಮಗೆಲ್ಲ ಹುಮ್ಮಸ್ಸು ಬಂತು. ಆ ಕಥೆಯ ಮೊದಲ ಅರ್ಧವನ್ನು ಅವತ್ತು ನಾವು ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಎರಡನೇ ತಪ್ಪು ಲೆಕ್ಕದ್ದು. 2025ರಲ್ಲಿ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂತು, ಈಸ್ಟರ್ ಏಪ್ರಿಲ್ 20ಕ್ಕೆ. ನಡುವೆ 46 ದಿನ. ಆದರೆ ಲೆಂಟ್ ಅಂದರೆ 40 ದಿನ. ಉಳಿದ ಆರು ಭಾನುವಾರಗಳು. ಪ್ರತಿ ಭಾನುವಾರವೂ ಪುನರುತ್ಥಾನದ ನೆನಪು, ಅದಕ್ಕೇ ಅವನ್ನು ಉಪವಾಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದು ನಮಗೆ ಗೊತ್ತಿಲ್ಲದ್ದಲ್ಲ, ತರಗತಿಯಲ್ಲಿ ಹೇಳಿಕೊಡುವ ವಿಷಯ. ಆದರೆ ಹೆಸರು ಕೊಟ್ಟವರು ಜಾಸ್ತಿ ಇದ್ದರು. ಎಲ್ಲರಿಗೂ ಜಾಗ ಸಿಗಲಿ ಎಂದು ಭಾನುವಾರಗಳನ್ನೂ ಹಂಚಿದೆವು. ಒಳ್ಳೆಯ ಮನಸ್ಸಿನಿಂದಲೇ ಹಂಚಿದೆವು. ಗೋಡೆಗೆ 46 ಮೊಳೆ ಬಿತ್ತು.

ಮೊದಲ ಮೂರು ವಾರ

ಶುರುವಿನ ಹಾಳೆಗಳನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ರಾತ್ರಿಯೆಲ್ಲ ಅತ್ತು ಹಾಸಿಗೆ ತೇಲಿಸುತ್ತೇನೆ ಎಂಬ ಮಾತು 6ನೇ ಕೀರ್ತನೆಯಲ್ಲಿ ಬರುತ್ತದೆ. ಒಬ್ಬರು ಪೆನ್ಸಿಲ್‌ನಲ್ಲಿ ಹಾಸಿಗೆಯನ್ನು ದೋಣಿಯ ಹಾಗೆ ಬಿಡಿಸಿದ್ದರು, ಹುಟ್ಟು ಇರಲಿಲ್ಲ. 102ನೇ ಕೀರ್ತನೆಯ ಮನುಷ್ಯ ತನ್ನನ್ನು ಮನೆಯ ಮಾಳಿಗೆಯ ಮೇಲೆ ಕೂತ ಒಂಟಿ ಹಕ್ಕಿಗೆ ಹೋಲಿಸಿಕೊಳ್ಳುತ್ತಾನೆ. ಗ್ರಂಥಾಲಯದಲ್ಲಿ ಕೆಲಸ ಮಾಡುವವರೊಬ್ಬರು ಇಡೀ ಹಾಳೆ ಬಿಟ್ಟು, ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಹಕ್ಕಿ ಬರೆದರು. ಅದರ ಮುಂದೆ ಜನ ಸುಮ್ನೆ ನಿಲ್ಲುತ್ತಿದ್ದರು.

ನಮ್ಮಲ್ಲಿ ಒಬ್ಬ ಆರ್ಥೊಡಾಕ್ಸ್ (ಪೂರ್ವದ ಕ್ರೈಸ್ತ ಸಭೆಯ) ವಿದ್ಯಾರ್ಥಿ ಇದ್ದಾರೆ. ಅವರ ಮಹಾ ಉಪವಾಸ ನಮಗಿಂತ ಎರಡು ದಿನ ಮೊದಲೇ, ಸೋಮವಾರ ಶುರುವಾಗುತ್ತದೆ. ಆ ವರ್ಷ ಎರಡೂ ಕಡೆಯ ಈಸ್ಟರ್ ಒಂದೇ ದಿನ ಬಂದಿತ್ತು. ಅವರ ಸರದಿ ಮಾರ್ಚ್ 9ರ ಭಾನುವಾರ. ಪೂರ್ವದ ಹಲವು ಸಭೆಗಳಲ್ಲಿ ಉಪವಾಸ ಕಾಲದ ಮೊದಲ ಭಾನುವಾರ ಐಕಾನ್‌ಗಳ, ಅಂದರೆ ಪವಿತ್ರ ಚಿತ್ರಗಳ, ಹಬ್ಬ. ಚಿತ್ರಗಳ ಮೇಲಿನ ನಿಷೇಧ ಹೋಗಿ, 843ರಲ್ಲಿ ಅವು ಮತ್ತೆ ಗುಡಿಯೊಳಗೆ ಬಂದ ನೆನಪಿಗೆ. ಇದು ನನಗೆ ತುಂಬ ಹಿಡಿಸಿದ ಸಂಗತಿ. ಪಶ್ಚಿಮದವರು ಲೆಂಟ್‌ನಲ್ಲಿ ಚಿತ್ರಗಳನ್ನು ಮುಚ್ಚುತ್ತಾರೆ, ಪೂರ್ವದವರು ಅದೇ ಕಾಲದಲ್ಲಿ ಚಿತ್ರಗಳನ್ನು ಕೊಂಡಾಡುತ್ತಾರೆ. ಎರಡೂ ಉಪವಾಸವೇ. ಅವರು ಒಂದು ಪುಟ್ಟ ಮುಖ ಬರೆದು ತಂದರು. ಕೆಳಗೆ ಹೆಸರಿರಲಿಲ್ಲ. ಕೇಳಿದರೆ, "ಸರ್, ನಮ್ಮಲ್ಲಿ ಐಕಾನ್ ಬರೆಯುವವರು ಹೆಸರು ಹಾಕೋದಿಲ್ಲ. ಇಲ್ಲಿ ಯಾಕೆ ಬೇಕು?" ಎಂದರು. ನಿಯಮ ಅಂತ ನಾನೇ ಪೆನ್ನು ಕೊಟ್ಟು ಬರೆಸಿದೆ.

ಎರಡನೇ ವಾರದಿಂದ ಹಾಳೆಗಳು ಬದಲಾದವು. ಒಬ್ಬರು ಬಣ್ಣದಲ್ಲಿ ಪ್ರಿಂಟ್ ಮಾಡಿಸಿ ತಂದರು. ಮರುದಿನದವರು ಅಂಚುಪಟ್ಟಿ ಹಾಕಿಸಿದರು. ಒಂದು ಪ್ರಾರ್ಥನೆಗೆ ಹನ್ನೊಂದು ಅಡಿಟಿಪ್ಪಣಿಗಳಿದ್ದವು. ಬರೆದವರನ್ನು ನಾನು ದೂರುವುದಿಲ್ಲ. ಎರಡು ಮೂರು ವರ್ಷ ಪ್ರತಿ ವಾಕ್ಯಕ್ಕೂ ಆಧಾರ ಕೇಳಿಸಿಕೊಂಡವರು ದೇವರ ಮುಂದೆಯೂ ಆಧಾರ ಇಟ್ಟೇ ಮಾತಾಡುತ್ತಾರೆ. ಹಾಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಲೆಂಟ್ ಬಂದದ್ದು ಪ್ರಬಂಧಗಳ ಗಡುವಿನ ಹೊತ್ತಿಗೆ. ಇನ್ನೂ ಸರದಿ ಬಾರದವರಿಗೆ ಗೋಡೆ ಭಾರವಾಗತೊಡಗಿತು. ಪೆಂಟೆಕೊಸ್ಟಲ್ ಸಭೆಯಿಂದ ಬಂದ ಒಬ್ಬ ವಿದ್ಯಾರ್ಥಿ ನನ್ನ ಕೋಣೆಗೆ ಬಂದು, "ನಮ್ಮ ಸಭೆಯಲ್ಲಿ ಲೆಂಟ್ ಅಂತ ಆಚರಿಸೋದಿಲ್ಲ ಸರ್. ಇದು ಹೇಗಿರುತ್ತೆ ನೋಡೋಣ ಅಂತ ಆಸೆಯಿಂದ ಸೇರಿಕೊಂಡೆ. ನನ್ನ ಸರದಿಗೆ ಇನ್ನೂ ಹದಿನೈದು ದಿನ ಇದೆ, ಈಗಲೇ ನಿದ್ದೆ ಬರ್ತಿಲ್ಲ" ಎಂದರು. ನಾನು ಧೈರ್ಯ ಹೇಳಿ ಕಳಿಸಿದೆ. ಧೈರ್ಯ ಹೇಳುವುದರ ಬದಲು ಕೂತು ಕೇಳಬೇಕಿತ್ತು.

ಬೂದಿ ಬುಧವಾರ ಓದುವ ಸುವಾರ್ತೆ ಮತ್ತಾಯ 6ನೇ ಅಧ್ಯಾಯದ್ದು. ದಾನ, ಪ್ರಾರ್ಥನೆ, ಉಪವಾಸ, ಮೂರನ್ನೂ ಜನರ ಕಣ್ಣಿಗೆ ಬೀಳಲಿ ಎಂದು ಮಾಡಬೇಡಿ ಎಂದು ಯೇಸು ಅಲ್ಲಿ ಹೇಳುತ್ತಾನೆ. ಮಾರ್ಚ್ 5ರ ಬೆಳಿಗ್ಗೆ ನಾವು ಅದನ್ನು ಓದಿ ಹಣೆಗೆ ಬೂದಿ ಇಟ್ಟುಕೊಂಡೆವು. ಸಂಜೆ ಮೊದಲ ಹಾಳೆಯನ್ನು ಹೆಸರು ಸಮೇತ ಗೋಡೆಗೆ ಸಿಕ್ಕಿಸಿದೆವು.

23ನೇ ಹಾಳೆ

ಮಾರ್ಚ್ 27ರ ಸರದಿ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿಯದ್ದು. ಅವರಿಗೆ ಬಂದದ್ದು 88ನೇ ಕೀರ್ತನೆ. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ತಿರುಗುತ್ತವೆ. ಅಳು ಸ್ತುತಿಯ ಕಡೆಗೆ ಹೊರಳುತ್ತದೆ. 88ನೆಯದು ಹೊರಳುವುದೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಪದವೇ "ಕತ್ತಲೆ". ಪ್ರತಿ ವರ್ಷ ತರಗತಿಯಲ್ಲಿ ನಾನು ಇದನ್ನು ಓದಿಸುತ್ತೇನೆ. ಇದನ್ನು ಬೇರೆ ಕೀರ್ತನೆಯಿಂದ ಸರಿಪಡಿಸಲು ಹೋಗಬೇಡಿ, ಹೀಗೇ ಬೈಬಲಿನೊಳಗೆ ಇಟ್ಟಿದ್ದಾರೆ, ಹೀಗೇ ಇರಲಿ ಎಂದು ಹೇಳುತ್ತೇನೆ.

ಬುಧವಾರ ಸಂಜೆ ಅವರು ನನ್ನ ಬಾಗಿಲ ಕೆಳಗೆ ಹಾಳೆ ತೂರಿಸಿ ಹೋಗಿದ್ದರು. ಮೇಲೆ ಬಹುತೇಕ ಖಾಲಿ. ಕೆಳಗೆ ಪೆನ್ಸಿಲ್‌ನಲ್ಲಿ ಎರಡು ಸಾಲು: "ನನ್ನ ತಮ್ಮ ಆಸ್ಪತ್ರೆಯಲ್ಲಿದ್ದಾನೆ. ಇವತ್ತು ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ."

ನನಗೆ ಕರುಳು ಚುರುಕ್ ಅಂತು. ಜತೆಗೇ ಬೇರೆ ಯೋಚನೆಗಳೂ ಬಂದವು. ಬೆಳಿಗ್ಗೆ ಇದನ್ನು ಓದುವವರಿಗೆ ಏನಾಗಬಹುದು? ಇದೇ ಥರ ಕಷ್ಟದಲ್ಲಿರುವ ಬೇರೆಯವರು ಕುಸಿದುಬಿಟ್ಟರೆ? ಖಾಲಿ ಹಾಳೆ ನೋಡಿ ಇವರ ಬಗ್ಗೆ ಯಾರಾದರೂ ತಪ್ಪು ತಿಳಿದರೆ? ಹೀಗೆ ಅಂದುಕೊಂಡು, ಆ ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ 30ನೇ ಕೀರ್ತನೆಯ ವಚನ ಬರೆದೆ. ರಾತ್ರಿ ಅಳು ಇದ್ದರೂ ಬೆಳಿಗ್ಗೆ ಸಂತೋಷ ಬರುತ್ತದೆ ಎಂಬ ವಚನ. ಅವರನ್ನು ಕೇಳಲಿಲ್ಲ. ಫೋನ್ ಮಾಡಿ ತಮ್ಮನಿಗೆ ಏನಾಗಿದೆ ಎಂದೂ ಕೇಳಲಿಲ್ಲ. ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಮನೆಗೆ ಹೋದೆ.

ಬೆಳಿಗ್ಗೆ ಅವರೇ ಬಂದು ಹಾಳೆ ತೆಗೆದರು. ಮಧ್ಯಾಹ್ನ ನನ್ನ ಕೋಣೆಗೆ ಬಂದು ಮೇಜಿನ ಮೇಲಿಟ್ಟರು. "ಸರ್, ಆ ವಚನ ನಾನು ಬರೆದದ್ದಲ್ಲ. ನನ್ನ ಹೆಸರಿನ ಮೇಲೆ ಅದು ಇರೋದು ಬೇಡ" ಎಂದರು. ದನಿ ಏರಲಿಲ್ಲ. ಹಾಳೆ ಅಲ್ಲೇ ಬಿಟ್ಟು ಹೋದರು.

ನಾನು ಮೊದಲು ಇದನ್ನು ಅನುಮತಿಯ ಪ್ರಶ್ನೆ ಅಂದುಕೊಂಡೆ. ಕೇಳದೆ ತಿದ್ದಬಾರದಿತ್ತು, ಕ್ಷಮೆ ಕೇಳಿದರೆ ಮುಗಿಯಿತು. ಅದೇ ದಿನ ಕ್ಷಮೆ ಕೇಳಿದೆ ಕೂಡ. ಅವರು ತಲೆಯಾಡಿಸಿದರು. ಆದರೆ ಗೋಡೆಯ ಮೇಲೆ ಕ್ಲಿಪ್ಪು ಖಾಲಿಯೇ ಇತ್ತು. ಶುಕ್ರವಾರ 24ನೇ ಹಾಳೆ ಬಂತು, ಶನಿವಾರ 25ನೆಯದು. ಜನ ನಿಲ್ಲುತ್ತಿದ್ದದ್ದು ಮಾತ್ರ ಆ ಖಾಲಿ ಕ್ಲಿಪ್ಪಿನ ಮುಂದೆ.

ಭಾನುವಾರದ ಮಾತುಕತೆ

ಮಾರ್ಚ್ 30 ಲೆಂಟ್‌ನ ನಾಲ್ಕನೇ ಭಾನುವಾರ. ಆರಾಧನೆಯ ಬಟ್ಟೆಗಳ ನೇರಳೆ ಬಣ್ಣ ಒಂದು ದಿನದ ಮಟ್ಟಿಗೆ ಗುಲಾಬಿಗೆ ತಿರುಗಿ, ಸ್ವಲ್ಪ ಉಸಿರಾಡಲು ಬಿಡುವ ದಿನ. ಆರಾಧನೆ ಆದ ಮೇಲೆ ಸಮಿತಿ ಎಲ್ಲರನ್ನೂ ಕರೆಯಿತು. ಇಪ್ಪತ್ತು ಇಪ್ಪತ್ತೈದು ಜನ ಬಂದರು, ಆ ವಿದ್ಯಾರ್ಥಿನಿಯೂ ಬಂದರು.

ನಾನು ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಾಪ್ಲಿನ್ ಮತ್ತೆ ಉಪವಾಸದ ಬಟ್ಟೆಯ ವಿಷಯ ಎತ್ತಿದರು. ಆಗ ಆ ವಿದ್ಯಾರ್ಥಿನಿ ಕೇಳಿದರು: "ಮೊದಲು ಅದು ಮುಚ್ಚೋ ಬಟ್ಟೆ ಅಲ್ವಾ ಸರ್? ಚಿತ್ರ ಆಮೇಲೆ ಬಂದದ್ದು."

ಕ್ಲಿಪ್ಪು ಯಾಕೆ ಖಾಲಿಯಾಯಿತು ಎಂದು ನನಗೆ ಅರ್ಥವಾದದ್ದು ಆಗ. ಅವರು ಸರದಿ ತಪ್ಪಿಸಿರಲಿಲ್ಲ. ಕೊಡಲು ಏನೂ ಇಲ್ಲ ಅನ್ನುವುದನ್ನೇ ದೇವರ ಮುಂದೆ ಇಟ್ಟಿದ್ದರು. 88ನೇ ಕೀರ್ತನೆಗೆ ಅಷ್ಟು ಹತ್ತಿರವಾದ ಹಾಳೆ ಆ ಗೋಡೆಯ ಮೇಲೆ ಬೇರೊಂದು ಇರಲಿಲ್ಲ. ಆ ಖಾಲಿಯೇ ಅವರು ಮಾಡಿದ ಕೆಲಸ. ನಾನು ಅದರ ಮೇಲೆ ಬರೆದುಬಿಟ್ಟಿದ್ದೆ.

ಆಮೇಲೆ ಮಾತು ಸಲೀಸಾಯಿತು. ಸಂಗೀತದ ಸಂಶೋಧಕರು ಜರ್ಮನ್ ಸಂಗೀತ ರಚನಕಾರ ಬಾಖ್ ವಿಷಯ ಹೇಳಿದರು. ಲೈಪ್‌ಝಿಗ್‌ನಲ್ಲಿ ಲೆಂಟ್ ಕಾಲದ ಭಾನುವಾರಗಳಲ್ಲಿ ವಾದ್ಯಮೇಳದ ಕಾಂಟಾಟಾ (ಆರಾಧನೆಯ ಗಾಯನಕೃತಿ) ಹಾಡಿಸುತ್ತಿರಲಿಲ್ಲ. ವಾರವಾರವೂ ಸಂಗೀತ ಕೊಡಬೇಕಾಗಿದ್ದ ಮನುಷ್ಯನಿಗೆ ಆ ಕೆಲವು ವಾರ ಬಿಡುವು. ಆ ಮೌನದ ಕೊನೆಗೆ, 1724ರ ಏಪ್ರಿಲ್ 7ರ ಶುಭ ಶುಕ್ರವಾರ, ಯೋಹಾನನ ಸುವಾರ್ತೆಯ ಮೇಲೆ ಅವನು ಕಟ್ಟಿದ, ಯೇಸುವಿನ ಶ್ರಮೆ ಮತ್ತು ಮರಣದ ಸಂಗೀತ ಮೊದಲ ಸಲ ಕೇಳಿಸಿತು. "ನಾವು ಲೆಂಟ್‌ನಲ್ಲಿ ಒಂದು ದಿನವೂ ನಿಲ್ಲಿಸಿಲ್ಲ. ಭಾನುವಾರವೂ ಬಿಟ್ಟಿಲ್ಲ" ಎಂದರು ಅವರು.

ನನಗೆ ಬೈಬಲಿನ ವಿಮೋಚನಕಾಂಡ ನೆನಪಾಯಿತು. ನಂಬಿಕೆ ಮತ್ತು ಕಲೆಯ ಮಾತು ಬಂದಾಗಲೆಲ್ಲ ನಾವು 31ನೇ ಅಧ್ಯಾಯದ ಬೆಚಲೇಲನನ್ನು ತೆಗೆದುಕೊಳ್ಳುತ್ತೇವೆ. ದೇವರು ತನ್ನ ಆತ್ಮದಿಂದ ತುಂಬಿಸಿ, ಚಿನ್ನ, ಬೆಳ್ಳಿ, ಮರದ ಕೆಲಸಕ್ಕೆ ಕರೆದ ಕುಶಲಿ ಅವನು. ಅಲ್ಲಿಗೆ ನಿಲ್ಲಿಸುತ್ತೇವೆ. ಅದೇ ಅಧ್ಯಾಯದ ಉಳಿದ ಭಾಗ ಬಹುಪಾಲು ಸಬ್ಬತ್ ದಿನದ, ಅಂದರೆ ವಾರದ ವಿಶ್ರಾಂತಿ ದಿನದ, ಬಗ್ಗೆ. ದೇವರ ಗುಡಾರ ಕಟ್ಟುವ ಕೆಲಸವೇ ಆದರೂ ಏಳನೇ ದಿನ ನಿಲ್ಲಿಸಬೇಕು. 36ನೇ ಅಧ್ಯಾಯದಲ್ಲಿ ಇನ್ನೊಂದಿದೆ. ಜನ ಕಾಣಿಕೆ ತಂದು ತಂದು ಸುರಿಯುತ್ತಾರೆ. ಕೆಲಸಗಾರರು ಬಂದು, ಬೇಕಾದ್ದಕ್ಕಿಂತ ಹೆಚ್ಚಾಯಿತು ಎಂದು ಮೋಶೆಗೆ ಹೇಳುತ್ತಾರೆ. ಇನ್ನು ಯಾರೂ ಏನೂ ಮಾಡಿ ತರಬೇಡಿ ಎಂದು ಮೋಶೆ ಪಾಳೆಯದಲ್ಲೆಲ್ಲ ಸಾರಿಸುತ್ತಾನೆ. ಇಷ್ಟು ವರ್ಷ ಈ ಪುಸ್ತಕ ಕಲಿಸಿದ್ದೇನೆ. ಆ ಜಾಗವನ್ನು ಕಲೆಯ ಪಾಠವಾಗಿ ಓದಿರಲಿಲ್ಲ.

ನಾಲ್ಕು ತೀರ್ಮಾನ ಆದವು. ಉಳಿದ ಭಾನುವಾರಗಳ ಹಾಳೆ ಬೇಡ. ಆ ದಿನಗಳಿಗೆ ಹೆಸರು ಕೊಟ್ಟಿದ್ದವರು ಬೇರೆಯವರ ಜತೆ ದಿನ ಹಂಚಿಕೊಳ್ಳಲಿ. ಹಾಳೆಗಳ ಮೇಲೆ ಹೆಸರು ಬೇಡ. ಸರದಿ ಬಂದವರು ಖಾಲಿ ಹಾಳೆ ಕೊಟ್ಟರೆ ಅದನ್ನೂ ಸಿಕ್ಕಿಸುವುದು. ಸಮಿತಿ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಯಾರಾದರೂ ಕಷ್ಟದಲ್ಲಿದ್ದಾರೆ ಎಂದು ಹಾಳೆಯಿಂದ ಗೊತ್ತಾದರೆ, ಸಮಿತಿಯವರು ಅದೇ ದಿನ ಅವರ ಹತ್ತಿರ ಹೋಗಿ ಮಾತಾಡಬೇಕು. ಈ ಕೊನೆಯದನ್ನು ಹೇಳಿದ್ದು ಪೆಂಟೆಕೊಸ್ಟಲ್ ವಿದ್ಯಾರ್ಥಿ. ನನ್ನ ಮಟ್ಟಿಗೆ ನಾಲ್ಕರಲ್ಲಿ ಅದೇ ಮುಖ್ಯ. ಗೋಡೆಯ ಮೇಲೆ ಏನು ಇರಬೇಕು ಎಂದು ನಾನು ಅಷ್ಟು ತಲೆ ಕೆಡಿಸಿಕೊಂಡೆ, ಬರೆದವರ ಮನೆಯಲ್ಲಿ ಏನಾಗುತ್ತಿದೆ ಎಂದು ಕೇಳಲಿಲ್ಲ.

ಎಲ್ಲರೂ ಒಪ್ಪಿದರು ಅಂತಲ್ಲ. ಅಡಿಟಿಪ್ಪಣಿಗಳ ಪ್ರಾರ್ಥನೆ ಬರೆದವರಿಗೆ ನೋವಾಯಿತು. "ನಾನು ಮೂರು ರಾತ್ರಿ ಕೂತು ಬರೆದೆ. ಶ್ರಮಪಟ್ಟು ಮಾಡಿದ್ದೇ ತಪ್ಪು ಅನ್ನೋ ಹಾಗಾಯ್ತಲ್ಲ" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಬೆಚಲೇಲನ ಕೆಲಸವೂ ಶ್ರಮದ್ದೇ, ಸೂಕ್ಷ್ಮದ್ದೇ. ಕಡಿಮೆ ಮಾಡಿದವರು ಜಾಸ್ತಿ ಭಕ್ತರು ಎಂದು ನಾವು ತೋರಿಸಿಕೊಳ್ಳತೊಡಗಿದರೆ ಅದೂ ಮತ್ತಾಯ 6ಕ್ಕೇ ವಾಪಸ್ ಬರುತ್ತದೆ. ಅವತ್ತು ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅವರ ಹಾಳೆಯ ಮುಂದೆ ನಿಂತು ಪ್ರಾರ್ಥನೆಯನ್ನು ಮತ್ತೆ ಓದಿದೆ. ಟಿಪ್ಪಣಿಗಳನ್ನು ಬಿಟ್ಟು ಓದಿದರೆ ಅದು ಚೆಂದದ ಪ್ರಾರ್ಥನೆ. ಇದನ್ನು ಅವರಿಗೆ ಹೇಳಿದೆ.

ಉಳಿದ ಮೂರು ವಾರ

ಮಾರ್ಚ್ 31ರಿಂದ ಪವಿತ್ರ ಶನಿವಾರದವರೆಗೆ 18 ಹಾಳೆ ಬರಬೇಕಿತ್ತು, 18 ಬಂದವು. ಖಾಲಿ ಹಾಳೆ ಕೊಟ್ಟವರು ಇಬ್ಬರೇ. ಎಲ್ಲರೂ ಖಾಲಿ ಕೊಟ್ಟರೆ ಏನು ಗತಿ ಎಂದು ಸಭೆಯಲ್ಲಿ ಒಬ್ಬರು ಹೆದರಿದ್ದರು, ಹಾಗೇನೂ ಆಗಲಿಲ್ಲ. ಬಿಡಬಹುದು ಎಂದಾದ ಮೇಲೆ ಜನ ಮಾಡಿದ್ದೇ ಹೆಚ್ಚು. ಆದರೆ ಮಾಡಿದ್ದರ ರೀತಿ ಬೇರೆಯಾಗಿತ್ತು. ಅಕ್ಷರ ಚಿಕ್ಕದಾಯಿತು. ಪೆನ್ಸಿಲ್ ಬಳಕೆ ಹೆಚ್ಚಿತು. ಒಬ್ಬರು ಹೊಲಿಗೆ ಹಾಕಿ ಒಂದು ಗೆರೆ ಮಾತ್ರ ಎಳೆದಿದ್ದರು. ಇನ್ನೊಬ್ಬರು ತಾವು ಮೊದಲು ಬರೆದ ಕವಿತೆಯನ್ನು ಹೊಡೆದುಹಾಕಿ, ಹೊಡೆದುಹಾಕಿದ ಹಾಳೆಯನ್ನೇ ಕೊಟ್ಟರು. ನಿದ್ದೆ ಬರುತ್ತಿಲ್ಲ ಎಂದಿದ್ದ ವಿದ್ಯಾರ್ಥಿ ತನ್ನ ತಾಯಿ ಮಾಡುವ ಪ್ರಾರ್ಥನೆಯನ್ನು ಅವರ ಮಾತಿನಲ್ಲೇ, ತಪ್ಪುಗಳ ಸಮೇತ, ಬರೆದು ತಂದರು.

ಯಾರದು ಯಾವುದು ಎಂದು ಮೊದಮೊದಲು ಎಲ್ಲರೂ ಊಹಿಸುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಆ ಕುತೂಹಲ ತಣ್ಣಗಾಯಿತು. ಹಳೆಯ ಹಾಳೆಗಳ ಮೇಲೆ ಹೆಸರು ಹಾಗೇ ಉಳಿಯಿತು, ಒಂದನ್ನು ಬಿಟ್ಟು. ಆರ್ಥೊಡಾಕ್ಸ್ ವಿದ್ಯಾರ್ಥಿ ತನ್ನ ಐಕಾನ್ ಹಾಳೆಯ ಕೆಳಗಿನ ಅಂಚನ್ನು ಹೆಸರು ಸಮೇತ ಕತ್ತರಿಸಿ ಮತ್ತೆ ಸಿಕ್ಕಿಸಿದರು.

ಈಸ್ಟರ್ ಹತ್ತಿರ ಬಂದಾಗ ಆಡಳಿತದ ಕಡೆಯಿಂದ ಒಂದು ಸೂಚನೆ ಬಂತು. ಎಲ್ಲ ಹಾಳೆಗಳನ್ನು ಸೇರಿಸಿ ಪುಸ್ತಕ ಮಾಡೋಣ, ಹೊಸದಾಗಿ ಸೇರುವವರಿಗೆ ಕೊಡಬಹುದು ಎಂದು. ಪ್ರೀತಿಯಿಂದಲೇ ಕೇಳಿದ್ದರು. ಸಮಿತಿ ಬೇಡ ಎಂದಿತು. ಈಸ್ಟರ್ ದಿನ ಆರಾಧನೆ ಮುಗಿದ ಮೇಲೆ ಅವರವರ ಹಾಳೆ ಅವರವರು ತೆಗೆದುಕೊಂಡು ಹೋದರು.

ವಿದ್ಯಾರ್ಥಿನಿಯ ಹಾಳೆ ಪವಿತ್ರ ವಾರದವರೆಗೂ ನನ್ನ ಮೇಜಿನ ಮೇಲೇ ಇತ್ತು. ನಾನು ಬರೆದದ್ದು ಶಾಯಿಯಲ್ಲಿ, ಅವರು ಬರೆದದ್ದು ಪೆನ್ಸಿಲ್‌ನಲ್ಲಿ. ನನ್ನದನ್ನು ಅಳಿಸಲು ಆಗುತ್ತಿರಲಿಲ್ಲ. ಶುಭ ಶುಕ್ರವಾರದ ಸಂಜೆ ಅವರು ಬಂದು ಹೊಸ ಹಾಳೆಯೊಂದನ್ನು ಕೊಟ್ಟರು. ಅದೇ ಎರಡು ಸಾಲು, ಅದೇ ಖಾಲಿ. ತಮ್ಮನಿಗೆ ಇನ್ನೂ ಚಿಕಿತ್ಸೆ ನಡೆಯುತ್ತಿತ್ತು. ಹೇಗಿದ್ದಾನೆ ಎಂದು ಕೇಳಿದೆ. ಅವರು ಕೂತರು. ಒಂದು ಗಂಟೆ ಮಾತಾಡಿದೆವು, ದೇವಶಾಸ್ತ್ರ ಏನೂ ಬರಲಿಲ್ಲ. ಎದ್ದು ಹೋಗುವಾಗ, "ಸರ್, ನೀವೇ ಸಿಕ್ಕಿಸಿ" ಎಂದರು. ಶನಿವಾರ ಇಡೀ ದಿನ ಅದು 23ನೇ ಕ್ಲಿಪ್ಪಿನಲ್ಲಿತ್ತು.

2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18ಕ್ಕೆ. ಗೋಡೆಯಿಂದ ಆರು ಮೊಳೆ ಕಿತ್ತು 40 ಉಳಿಸಿದ್ದೇವೆ.